ಶೋಧಪದದ ಕನಿಷ್ಠ ಉದ್ದದ ಮಿತಿ

ಗಣಕದಲ್ಲಿ ಸಂಗ್ರಹವಾಗಿರುವ ಬರಹರಾಶಿಯಲ್ಲಿ ಪದಗಳನ್ನು ಹುಡುಕುವಾಗ, ಗೊತ್ತುಮಾಡಿದ ಉದ್ದಕ್ಕಿಂತ ಚಿಕ್ಕದಾದ ಪದಗಳನ್ನು ಸೂಚಿಗೆ ಸೇರಿಸದೆ ಅಥವಾ ಪ್ರಶ್ನೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವ ನಿಯಮವೇ ಶೋಧಪದದ ಕನಿಷ್ಠ ಉದ್ದದ ಮಿತಿ. ದತ್ತಸಂಚಯ ತಂತ್ರಾಂಶಗಳು, ಜಾಲತಾಣಗಳ ಸರ್ಚ್ ಬಾಕ್ಸ್‌ಗಳು, ಪಠ್ಯ ವಿಶ್ಲೇಷಣೆಯ ಸಾಧನಗಳು ಈ ನಿಯಮವನ್ನು ಒಂದಲ್ಲ ಒಂದು ರೂಪದಲ್ಲಿ ಬಳಸುತ್ತವೆ. ರೋಮನ್ ಲಿಪಿಯನ್ನು, ಅದರಲ್ಲೂ ಇಂಗ್ಲಿಷನ್ನು, ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡ ಮಿತಿ ಇದು. ಕನ್ನಡ ಲಿಪಿಗೆ ಅನ್ವಯಿಸಿದಾಗ ಇದರ ಫಲ ಬೇರೆಯೇ ಆಗುತ್ತದೆ.

ದಕ್ಷಿಣ ಕನ್ನಡ ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳಾದ ಪುತ್ತೂರು, ಸುಳ್ಯ ಮತ್ತು ಕಡಬಗಳ ಹೆಸರುಗಳಲ್ಲೇ ಈ ವ್ಯತ್ಯಾಸ ಎದ್ದು ಕಾಣುತ್ತದೆ. ರೂಢಿಯ ಇಂಗ್ಲಿಷ್ ಕಾಗುಣಿತದಲ್ಲಿ ಮೂರೂ ಹೆಸರುಗಳಿಗೆ ತಲಾ ಆರು ಅಕ್ಷರ. ಯಾವ ತಂತ್ರಾಂಶದ ಮಿತಿಯೂ ಅವನ್ನು ತಡೆಯುವುದಿಲ್ಲ. ಕನ್ನಡದಲ್ಲಿ ಬರೆದಾಗ ಮಾತ್ರ ಒಂದು ಹೆಸರು ಸಲೀಸಾಗಿ ಒಳಹೋಗುತ್ತದೆ, ಇನ್ನೊಂದು ಅಂಚಿನಲ್ಲಿ ದಾಟುತ್ತದೆ, ಮೂರನೆಯದು ಹೊರಗುಳಿಯುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ಅಕ್ಷರ ಎಂದರೆ ಓದುಗರು ಒಂದೇ ಘಟಕವಾಗಿ ಗ್ರಹಿಸುವ, ಗುಣಿತ ಮತ್ತು ಒತ್ತುಗಳೂ ಕೂಡಿದ ಬರಹರೂಪ. ‘ತ್ತೂ’ ಒಂದು ಅಕ್ಷರ. ಸಂಕೇತ ಎಂದರೆ ಯುನಿಕೋಡ್ ಪಟ್ಟಿಯಲ್ಲಿ ಪ್ರತ್ಯೇಕ ಸಂಖ್ಯೆ ಪಡೆದಿರುವ ಬಿಡಿ ಅಂಶ. ‘ತ್ತೂ’ ಎಂಬುದರಲ್ಲಿ ತ, ಹಲಂತ, ತ, ಊಕಾರದ ಚಿಹ್ನೆ ಹೀಗೆ ನಾಲ್ಕು ಸಂಕೇತಗಳಿವೆ. ಬೈಟ್ ಎಂಬುದು ಸಂಗ್ರಹದ ಅಳತೆ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಬರಹವನ್ನು ಪದಗಳಾಗಿ ಒಡೆದಾಗ ಸಿಗುವುದು ತುಣುಕು. ಯಾವ ತುಣುಕು ಯಾವ ಕಡತದಲ್ಲಿದೆ ಎಂಬ ಪಟ್ಟಿ ಸೂಚಿ. ತೀರಾ ಸಾಮಾನ್ಯವೆಂದು ಕೈಬಿಡುವ ಪದ ವರ್ಜ್ಯಪದ. ತಂತ್ರಾಂಶದ ಕೈಪಿಡಿಗಳಲ್ಲಿ ‘ಅಕ್ಷರ’ ಎಂದು ಬರೆದಿರುವುದು ಬಹುಮಟ್ಟಿಗೆ ಇಲ್ಲಿ ಹೇಳಿದ ಸಂಕೇತವನ್ನೇ; ಗೊಂದಲದ ಮೂಲವೂ ಅದೇ.

ಉಗಮ

ಅಚ್ಚಿನ ಕೋಶಗಳಿಗೆ ಇಂಥ ಮಿತಿ ಇರಲಿಲ್ಲ. ಬಾಸೆಲ್ ಮಿಶನ್ 1894ರಲ್ಲಿ ಮಂಗಳೂರಿನಿಂದ ಹೊರತಂದ ಕಿಟ್ಟೆಲ್ ನಿಘಂಟಿನಲ್ಲಾಗಲಿ, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ತುಳು ನಿಘಂಟಿನಲ್ಲಾಗಲಿ ಆ, ಈ, ಏ ಮುಂತಾದ ಒಂಟಿ ಅಕ್ಷರಗಳಿಗೂ ಸ್ವತಂತ್ರ ಉಲ್ಲೇಖ ಉಂಟು. ಮುದ್ರಿತ ಕೋಶದಲ್ಲಿ ಪದ ಚಿಕ್ಕದಾದಷ್ಟೂ ವಿವರಣೆ ಉದ್ದವಾಗುವುದೇ ಹೆಚ್ಚು.

ಯಂತ್ರದಿಂದ ಸೂಚಿ ತಯಾರಿಸುವ ಪ್ರಯತ್ನಗಳು ಬಲಗೊಂಡದ್ದು 1950ರ ದಶಕದ ಕೊನೆಯಲ್ಲಿ. ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ರೂಪಿಸಿದ ಸೂಚೀವಿಧಾನದಲ್ಲಿ ಅರ್ಥಭಾರವಿಲ್ಲದ ಪದಗಳನ್ನು ಮೊದಲೇ ಬದಿಗಿಡುವ ಏರ್ಪಾಡಿತ್ತು. ಹೆಚ್ಚು ಬಳಕೆಯ ಪದಗಳು ಸಾಮಾನ್ಯವಾಗಿ ಚಿಕ್ಕವಾಗಿರುತ್ತವೆ ಎಂದು ಜಾರ್ಜ್ ಕಿಂಗ್ಸ್‌ಲಿ ಝಿಫ್ ಅದಕ್ಕೂ ಮುಂಚೆಯೇ ತೋರಿಸಿದ್ದರು. ಇವೆರಡನ್ನೂ ಸೇರಿಸಿದರೆ ಒಂದು ಅಡ್ಡದಾರಿ ಸಿಗುತ್ತದೆ: ವರ್ಜ್ಯಪದಗಳ ಪಟ್ಟಿಯನ್ನು ಹೊಂದಿಸುತ್ತ ಕೂರುವ ಬದಲು, ಇಂತಿಷ್ಟು ಅಕ್ಷರಕ್ಕಿಂತ ಚಿಕ್ಕದನ್ನೆಲ್ಲ ಒಟ್ಟಿಗೆ ಬಿಟ್ಟುಬಿಡುವುದು. ಇಂಗ್ಲಿಷಿನ ಉಪಪದ (ಆರ್ಟಿಕಲ್), ಸಂಬಂಧಸೂಚಕ, ಸರ್ವನಾಮಗಳಲ್ಲಿ ಹೆಚ್ಚು ಬಳಕೆಯ ಹಲವು ಎರಡು ಮೂರು ಅಕ್ಷರದವು. ನಾಲ್ಕಕ್ಕೆ ಗೆರೆ ಎಳೆದರೆ ಅವೆಲ್ಲ ಒಮ್ಮೆಲೇ ಹೊರಗಾಗುತ್ತವೆ. ಡಿಸ್ಕಿನ ಜಾಗ ದುಬಾರಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಉಳಿತಾಯವಲ್ಲ.

ಈ ಮಿತಿ ಜನಬಳಕೆಯ ಜಾಲತಾಣಗಳಿಗೆ ಹರಡಿದ್ದು ಮೈಎಸ್‌ಕ್ಯುಎಲ್ ದತ್ತಸಂಚಯದ ಮೂಲಕ. 2000ದ ಸುಮಾರಿಗೆ ಅದರ 3.23 ಸರಣಿಯಲ್ಲಿ ಪೂರ್ಣಪಠ್ಯ ಶೋಧ ಸೇರ್ಪಡೆಯಾಯಿತು. ಅದರ ಮೈಐಸ್ಯಾಮ್ ಬಗೆಯ ಕೋಷ್ಟಕಗಳಲ್ಲಿ ‘ಎಫ್‌ಟಿ ಮಿನ್ ವರ್ಡ್ ಲೆನ್’ ಎಂಬ ಹೊಂದಿಕೆಯ ಮೂಲಮೌಲ್ಯ 4. 2013ರ 5.6 ಆವೃತ್ತಿಯಲ್ಲಿ ಇನ್ನೊಡಿಬಿ ಬಗೆಯ ಕೋಷ್ಟಕಗಳಿಗೂ ಈ ಸೌಲಭ್ಯ ಬಂದಾಗ ಮೂಲಮೌಲ್ಯ 3ಕ್ಕೆ ಇಳಿಯಿತು. ಬಾಡಿಗೆ ಸರ್ವರಿನಲ್ಲಿ ಜಾಲತಾಣ ನಡೆಸುವವರಿಗೆ ಈ ಹೊಂದಿಕೆಯನ್ನು ಮುಟ್ಟುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಎಲ್ಲೋ ಗೊತ್ತುಮಾಡಿದ ಒಂದಂಕಿ ಸಾವಿರಾರು ತಾಣಗಳಲ್ಲಿ ಹಾಗೆಯೇ ಉಳಿಯಿತು.

ಕಾರ್ಯವಿಧಾನ

ಬರಹವೊಂದು ಸಂಗ್ರಹಕ್ಕೆ ಸೇರಿದಾಗ ತಂತ್ರಾಂಶ ಮೊದಲು ಅದನ್ನು ತುಣುಕುಗಳಾಗಿ ಒಡೆಯುತ್ತದೆ. ಪ್ರತಿ ತುಣುಕಿನ ಉದ್ದವನ್ನು ಎಣಿಸಿ ಮಿತಿಗಿಂತ ಚಿಕ್ಕದನ್ನು ಬಿಸಾಡುತ್ತದೆ, ವರ್ಜ್ಯಪದಗಳನ್ನು ತೆಗೆಯುತ್ತದೆ, ಉಳಿದದ್ದನ್ನು ಸೂಚಿಗೆ ಬರೆದುಕೊಳ್ಳುತ್ತದೆ. ಬಳಕೆದಾರರು ಪದವೊಂದನ್ನು ಕೇಳಿದಾಗ ಆ ಪ್ರಶ್ನೆಯೂ ಇದೇ ಜರಡಿಯಲ್ಲಿ ಹಾಯುತ್ತದೆ. ಸೂಚಿಯಲ್ಲಿ ಇಲ್ಲದ ಪದ ಮೂಲ ಬರಹದಲ್ಲಿ ನೂರು ಸಲ ಬಂದಿದ್ದರೂ ಸಿಗುವುದಿಲ್ಲ.

ಚಿಕ್ಕ ಪದ ಕೇಳಿದಾಗ ಏನಾಗುತ್ತದೆ ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಕೆಲವು, ಪದ ತೀರಾ ಚಿಕ್ಕದು ಎಂದು ತಿಳಿಸುತ್ತವೆ. ಕೆಲವು ಆ ಪದವನ್ನು ಬಿಟ್ಟು ಉಳಿದ ಪದಗಳಿಗಷ್ಟೇ ಫಲಿತಾಂಶ ಕೊಡುತ್ತವೆ. ಇನ್ನು ಕೆಲವು ಸದ್ದಿಲ್ಲದೆ ಸೊನ್ನೆ ಫಲಿತಾಂಶ ತೋರಿಸುತ್ತವೆ. ಕೊನೆಯದೇ ಹೆಚ್ಚು ಹಾನಿಕರ. ಮಾಹಿತಿಯೇ ಇಲ್ಲ ಎಂದು ಕೇಳಿದವರು ತಿಳಿಯುತ್ತಾರೆ.

ಎಣಿಕೆಯ ಮಾನ

ಉದ್ದ ಎಂದರೆ ಯಾವುದರ ಉದ್ದ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಇಂಗ್ಲಿಷಿನಲ್ಲಿ ಅಕ್ಷರ, ಸಂಕೇತ, ಬೈಟ್ ಮೂರೂ ಒಂದೇ ಲೆಕ್ಕಕ್ಕೆ ಬರುವುದರಿಂದ ಈ ಪ್ರಶ್ನೆ ಏಳುವುದೇ ಇಲ್ಲ. ಕನ್ನಡದಲ್ಲಿ ಮೂರೂ ಬೇರೆ ಬೇರೆ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲು. ವ್ಯಂಜನಕ್ಕೊಂದು ಸಂಕೇತ, ಗುಣಿತದ ಚಿಹ್ನೆಗೊಂದು, ಹಲಂತಕ್ಕೊಂದು, ಅನುಸ್ವಾರಕ್ಕೊಂದು. ಅಕಾರಕ್ಕೆ ಮಾತ್ರ ಪ್ರತ್ಯೇಕ ಚಿಹ್ನೆ ಇಲ್ಲ. ಅದು ವ್ಯಂಜನದಲ್ಲೇ ಅಡಕ. ಒತ್ತಕ್ಷರಕ್ಕೆ ಒಂದೇ ಸಂಕೇತವಿಲ್ಲ. ವ್ಯಂಜನ, ಹಲಂತ, ವ್ಯಂಜನ ಸೇರಿ ಒತ್ತಾಗುತ್ತದೆ.

ಈ ಲೆಕ್ಕದಲ್ಲಿ ‘ಪುತ್ತೂರು’ ಪದಕ್ಕೆ ಅಕ್ಷರ 3, ಸಂಕೇತ 8, ಬೈಟ್ 24. ‘ಸುಳ್ಯ’ಕ್ಕೆ ಅಕ್ಷರ 2, ಸಂಕೇತ 5, ಬೈಟ್ 15. ‘ಕಡಬ’ಕ್ಕೆ ಅಕ್ಷರ 3, ಸಂಕೇತವೂ 3, ಬೈಟ್ 9. ಓದುವವರ ಕಣ್ಣಿಗೆ ಸುಳ್ಯ ಮೂರರಲ್ಲಿ ಅತಿ ಚಿಕ್ಕ ಹೆಸರು. ಯಂತ್ರದ ಲೆಕ್ಕಕ್ಕೆ ಕಡಬ ಅತಿ ಚಿಕ್ಕದು; ಅದರ ಮೂರು ಅಕ್ಷರಗಳೂ ಅಕಾರಾಂತ, ಗುಣಿತವಿಲ್ಲ, ಒತ್ತಿಲ್ಲ. ನಾಲ್ಕು ಸಂಕೇತಗಳ ಮಿತಿ ಇರುವಲ್ಲಿ ಪುತ್ತೂರು, ಸುಳ್ಯ ಸೂಚಿಗೆ ಸೇರುತ್ತವೆ. 2010ರ ದಶಕದಲ್ಲಿ ಆ ಎರಡು ತಾಲ್ಲೂಕುಗಳ ಗ್ರಾಮಗಳಿಂದಲೇ ರಚನೆಯಾದ ಕಡಬ ಸೇರುವುದಿಲ್ಲ.

ಬೈಟಿನಲ್ಲಿ ಎಣಿಸುವ ತಂತ್ರಾಂಶಗಳಲ್ಲಿ ಕಥೆ ತಿರುವುಮುರುವು. ಪಿಎಚ್‌ಪಿ ಭಾಷೆಯ ಸಾಮಾನ್ಯ ಉದ್ದ ಎಣಿಕೆಯ ಆಜ್ಞೆ ಬೈಟನ್ನು ಎಣಿಸುತ್ತದೆ. ಅಲ್ಲಿ ‘ಆ’ ಎಂಬ ಒಂಟಿ ಸ್ವರದ ಉದ್ದ 3, ‘ಹೂ’ ಎಂಬುದರ ಉದ್ದ 6. ಮಿತಿ ಮೂರಿದ್ದರೆ ಕನ್ನಡದ ಯಾವ ಪದವೂ ಅದಕ್ಕೆ ಸಿಕ್ಕಿಬೀಳುವುದಿಲ್ಲ. ಮಿತಿ ಇದ್ದೂ ಇಲ್ಲದಂತೆ.

ಇನ್ನೊಂದು ಬಗೆಯ ಎಣಿಕೆಯಲ್ಲಿ ತೊಂದರೆ ಪದ ಒಡೆಯುವ ಹಂತದಲ್ಲೇ ಇದೆ. ಪೈಥಾನ್ ಭಾಷೆಯ ಮೂಲ ವಿನ್ಯಾಸಶೋಧ ಘಟಕ, ಪದದ ಭಾಗವೆಂದು ಒಪ್ಪುವುದು ಅಕ್ಷರವರ್ಗ, ಅಂಕಿ ಮತ್ತು ಅಡಿಗೆರೆಯನ್ನು ಮಾತ್ರ. ಕನ್ನಡದ ಗುಣಿತ ಚಿಹ್ನೆ, ಹಲಂತ, ಅನುಸ್ವಾರಗಳು ಯುನಿಕೋಡ್‌ನಲ್ಲಿ ಸಂಯೋಜಕ ಚಿಹ್ನೆಗಳ ವರ್ಗಕ್ಕೆ ಸೇರುವುದರಿಂದ ಅವನ್ನು ಅದು ಪದದ ಗಡಿ ಎಂದು ತಿಳಿಯುತ್ತದೆ. ‘ಪುತ್ತೂರು’ ಒಡೆದು ಪ, ತ, ತ, ರ ಎಂಬ ನಾಲ್ಕು ಬಿಡಿ ತುಣುಕುಗಳಾಗುತ್ತದೆ. ‘ಸುಳ್ಯ’ ಒಡೆದು ಸ, ಳ, ಯ ಆಗುತ್ತದೆ. ಪಠ್ಯ ವಿಶ್ಲೇಷಣೆಗೆ ಬಹಳ ಬಳಕೆಯಲ್ಲಿರುವ ಸೈಕಿಟ್-ಲರ್ನ್ ಗ್ರಂಥಾಲಯದ ಪದ ಎಣಿಕೆಯ ಸಾಧನ ಇದೇ ವಿನ್ಯಾಸವನ್ನು ಬಳಸುತ್ತದೆ, ಜೊತೆಗೆ ಎರಡಕ್ಕಿಂತ ಚಿಕ್ಕ ತುಣುಕುಗಳನ್ನು ಬಿಟ್ಟುಬಿಡುತ್ತದೆ. ಫಲಿತಾಂಶವಾಗಿ ಪುತ್ತೂರು, ಸುಳ್ಯ ಎರಡೂ ಪೂರ್ತಿ ಅಳಿಸಿಹೋಗುತ್ತವೆ. ಚಿಹ್ನೆಗಳೇ ಇಲ್ಲದ ಕಡಬ ಮಾತ್ರ ಇಡಿಯಾಗಿ ಉಳಿಯುತ್ತದೆ. ಒಂದು ಸಾಧನದಲ್ಲಿ ಸೋತ ಹೆಸರೇ ಇನ್ನೊಂದರಲ್ಲಿ ಗೆಲ್ಲುವುದು ಈ ಮಿತಿಯ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ.

ಒಂದೇ ಪದ ಎರಡು ಸಂಖ್ಯೆಗಳನ್ನು ಕೊಡುವುದೂ ಉಂಟು. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಬಿಡಿಸಿ ಮೂರು ಸಂಕೇತಗಳಾಗಿಯೂ ಇಡಬಹುದು. ಯುನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ. ‘ಕೋಲ’ ಕೂಡಿಸಿದ ರೂಪದಲ್ಲಿ 3 ಸಂಕೇತ, ಬಿಡಿಸಿದ ರೂಪದಲ್ಲಿ 5. ಆಪಲ್ ಕಂಪನಿಯ ಹಿಂದಿನ ಕಡತ ವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವೂ ಕಾಣದು.

ಒತ್ತು ಮೂಡದಂತೆ ತಡೆಯಲು ಬಳಸುವ, ಕಣ್ಣಿಗೆ ಕಾಣದ ಸೊನ್ನೆ ಅಗಲದ ಸಂಕೇತವೂ ಎಣಿಕೆಗೆ ಸೇರುತ್ತದೆ. ಪಹಣಿಗೆ ಜನ ಹೇಳುವ ‘ಆರ್‌ಟಿಸಿ’ ಎಂಬ ಪದ ಅದನ್ನೂ ಸೇರಿಸಿ 8 ಸಂಕೇತ. ಅದೇ ಪದ ರೋಮನ್ ಲಿಪಿಯಲ್ಲಿ ಮೂರಕ್ಷರ. ನಾಲ್ಕರ ಮಿತಿಯಲ್ಲಿ ಸಿಗುವುದಿಲ್ಲ.

ಬಗೆಗಳು

ಸೂಚಿ ಕಟ್ಟುವಾಗಲೇ ಅನ್ವಯವಾಗುವ ಮಿತಿ ಅತಿ ಬಿಗಿಯಾದದ್ದು. ಅದನ್ನು ಬದಲಿಸಿದರೆ ಸರ್ವರನ್ನು ಮರುಚಾಲನೆ ಮಾಡಿ ಇಡೀ ಸೂಚಿಯನ್ನು ಮತ್ತೆ ಕಟ್ಟಬೇಕು. ಪ್ರಶ್ನೆಯ ಹಂತದ ಮಿತಿ ಇದಕ್ಕಿಂತ ಸಡಿಲ; ಪದ ಸೂಚಿಯಲ್ಲಿ ಇದ್ದೂ ಕೇಳಲು ಬಿಡುವುದಿಲ್ಲ, ಹೊಂದಿಕೆ ಬದಲಿಸಿದ ಕೂಡಲೇ ಸಿಗುತ್ತದೆ.

ಮೂರನೆಯದು ಟೈಪಿಸುತ್ತಿದ್ದಂತೆ ಸಲಹೆ ತೋರಿಸುವ ಪೆಟ್ಟಿಗೆಗಳ ಮಿತಿ. ಎರಡು ಮೂರು ಸಂಕೇತ ಬೀಳುವ ತನಕ ಸರ್ವರಿಗೆ ಪ್ರಶ್ನೆ ಕಳಿಸದೆ ಇರುವುದು ಇದರ ಕೆಲಸ. ಮೂರಕ್ಕೆ ಗೊತ್ತುಮಾಡಿದ ಪೆಟ್ಟಿಗೆಯಲ್ಲಿ ಸುಳ್ಯ ಎಂದು ಟೈಪಿಸಿದರೆ ‘ಸುಳ’, ‘ಸುಳ್’, ‘ಸುಳ್ಯ’ ಎಂದು ಮೂರು ಸಲ ಪ್ರಶ್ನೆ ಹೋಗುತ್ತದೆ. ಎರಡನೆಯ ಹಂತದಲ್ಲಿ ‘ಸುಳ್ಳು’ ಪದವೂ ಸಲಹೆಗಳ ಸಾಲಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಊರು ಹೊಣೆಯಲ್ಲ. ಕಡಬ ಎಂದು ಟೈಪಿಸಿದರೆ ಹೆಸರು ಪೂರ್ತಿಯಾದ ಮೇಲಷ್ಟೇ ಮೊದಲ ಪ್ರಶ್ನೆ ಹೊರಡುತ್ತದೆ.

ನಾಲ್ಕನೆಯದು ವಿಧಾನದಲ್ಲೇ ಅಡಗಿರುವ ಮಿತಿ. ಬರಹವನ್ನು ಮೂರು ಮೂರು ಸಂಕೇತಗಳ ಕೊಂಡಿಗಳಾಗಿ ಕತ್ತರಿಸಿಡುವ ಸೂಚಿಗಳಲ್ಲಿ ಮೂರಕ್ಕಿಂತ ಚಿಕ್ಕ ಪ್ರಶ್ನೆಗೆ ಕೊಂಡಿಯೇ ಹುಟ್ಟುವುದಿಲ್ಲ. ಎಸ್‌ಕ್ಯುಲೈಟ್‌ನ 2020ರ ಕೊನೆಯ ಆವೃತ್ತಿಯಲ್ಲಿ ಬಂದ ತ್ರಿಕ ವಿಧಾನ ಇಂಥದ್ದು. ಪೋಸ್ಟ್‌ಗ್ರೆಸ್‌ನ ತ್ರಿಕ ಘಟಕ ಪದದ ಆರಂಭಕ್ಕೆ ಎರಡು, ಕೊನೆಗೆ ಒಂದು ಖಾಲಿ ಸ್ಥಾನ ಸೇರಿಸಿ ಈ ಕೊರತೆಯನ್ನು ತುಂಬಿಕೊಳ್ಳುತ್ತದೆ.

ಪ್ರದೇಶದ ಪದಸಂಪತ್ತು ಮತ್ತು ಮಿತಿ

ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಕನ್ನಡ, ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ ಮಾತುಗಳು ಒಟ್ಟಿಗೆ ಬಳಕೆಯಲ್ಲಿವೆ. ಇವುಗಳ ಸ್ಥಳೀಯ ಬರವಣಿಗೆ ಬಹುಪಾಲು ಕನ್ನಡ ಲಿಪಿಯಲ್ಲೇ ನಡೆಯುವುದರಿಂದ ಮೇಲೆ ಹೇಳಿದ ಎಣಿಕೆ ಎಲ್ಲಕ್ಕೂ ಅನ್ವಯಿಸುತ್ತದೆ.

ಊರ ಹೆಸರುಗಳಲ್ಲಿ ಕಡಬಕ್ಕೆ ಜೊತೆಯಾಗಿ ಪುತ್ತೂರಿನ ಕಬಕ ಇದೆ. ಅದೂ ಮೂರು ಸಂಕೇತ. ಅಲ್ಲಿಯ ರೈಲು ನಿಲ್ದಾಣದ ಹೆಸರು ‘ಕಬಕ ಪುತ್ತೂರು’. ನಾಲ್ಕರ ಮಿತಿಯಲ್ಲಿ ಹೆಸರಿನ ಎರಡನೆಯ ಅರ್ಧ ಮಾತ್ರ ಉಳಿಯುತ್ತದೆ. ಹಳೆಯ ಹೋಬಳಿ ಕೇಂದ್ರವಾದ ಪಂಜ, ಅನುಸ್ವಾರ ಸೇರಿ ಮೂರು. ಬಳ್ಪ ಒತ್ತಿನ ಬಲದಿಂದ ನಾಲ್ಕಕ್ಕೆ ಮುಟ್ಟುತ್ತದೆ. ಇನ್ನೊಂದು ತುದಿಯಲ್ಲಿರುವ ಸುಬ್ರಹ್ಮಣ್ಯಕ್ಕೆ ಅಕ್ಷರ ನಾಲ್ಕೇ ಆದರೂ ಸಂಕೇತ 11.

ಆರಾಧನೆಯ ಪದಗಳಿಗೆ ಪೆಟ್ಟು ಹೆಚ್ಚು. ದೈವ, ಕೋಲ, ನೇಮ, ಬೂತ ನಾಲ್ಕೂ ತಲಾ ಮೂರು ಸಂಕೇತ. ನಾಗಬನದ ‘ಬನ’ ಎರಡೇ. ಕಂಬಳ ನಾಲ್ಕಾಗಿ ಉಳಿದುಕೊಳ್ಳುತ್ತದೆ, ಕೋಣಗಳು ಓಡುವ ‘ಕರೆ’ ಉಳಿಯುವುದಿಲ್ಲ. ತುಳುನಾಡಿನ ಬಗೆಗಿನ ಬರಹಸಂಗ್ರಹವೊಂದಕ್ಕೆ ನಾಲ್ಕರ ಮಿತಿ ಹಾಕಿದರೆ ಅದರ ಮುಖ್ಯ ವಿಷಯಪದಗಳೇ ಸೂಚಿಯಿಂದ ಹೊರಬೀಳುತ್ತವೆ.

ಅಡಿಕೆ ಕೃಷಿಯ ಮಾತುಗಳು ಅಂಚಿನಲ್ಲಿ ಹಂಚಿಹೋಗಿವೆ. ಅಡಿಕೆ 5, ಚಾಲಿ, ಗೋಟು, ಪಟೋರ, ಗೊನೆ, ಹಾಳೆ, ಕೊಳೆ ತಲಾ 4, ತೋಟ, ಮಳೆ, ಕೋಕ ತಲಾ 3, ದರ 2. ಪುತ್ತೂರಿನ ಮಾರುಕಟ್ಟೆ ವರದಿಗಳನ್ನು ಜಾಲಾಡುವವರು ‘ಅಡಿಕೆ ದರ’ ಎಂದು ಕೇಳಿದರೆ ಯಂತ್ರ ಹುಡುಕುವುದು ‘ಅಡಿಕೆ’ ಎಂಬುದನ್ನಷ್ಟೇ. ಕೆಳದರ್ಜೆಯ ಅಡಿಕೆಯ ಬೆಲೆಗಾಗಿ ‘ಕೋಕ ದರ’ ಎಂದು ಕೇಳಿದರೆ ಎರಡೂ ಪದ ಉದುರಿ ಪ್ರಶ್ನೆಯೇ ಖಾಲಿಯಾಗುತ್ತದೆ.

ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರ ಕೃತಿಗಳ ಹೆಸರಿನಲ್ಲೂ ಇದೇ ಆಟ. ‘ಚೋಮ’ ಎಂದರೆ 3, ಸಿಗದು, ‘ಚೋಮನ’ ಎಂದರೆ 4, ಸಿಗುತ್ತದೆ, ‘ದುಡಿ’ಯೂ 4. ಹೀಗಾಗಿ ‘ಚೋಮನ ದುಡಿ’ ಪೂರ್ತಿಯಾಗಿ ದಾಟುತ್ತದೆ. ಸುಬ್ರಹ್ಮಣ್ಯದ ಕಡೆಯ ಕಾಡುಸೀಮೆಯ ಹಿನ್ನೆಲೆಯ ‘ಬೆಟ್ಟದ ಜೀವ’ದಲ್ಲಿ ಬೆಟ್ಟ ಮಾತ್ರ ಉಳಿದು ಜೀವ ಹೋಗುತ್ತದೆ.

ವಿಭಕ್ತಿ ಪ್ರತ್ಯಯ ಹತ್ತಿದಾಗ ಪದ ಉದ್ದವಾಗುವುದರಿಂದ ಮತ್ತೊಂದು ವಿಚಿತ್ರ ಸ್ಥಿತಿ ಏರ್ಪಡುತ್ತದೆ. ಕಡಬ 3, ಕಡಬದ 4, ಕಡಬಕ್ಕೆ 7, ಕಡಬದಲ್ಲಿ 8. ಪ್ರಥಮಾ ವಿಭಕ್ತಿಯ ಮೂಲರೂಪ ಸೂಚಿಯಲ್ಲಿ ಇರುವುದಿಲ್ಲ, ಉಳಿದ ವಿಭಕ್ತಿಗಳೆಲ್ಲ ಇರುತ್ತವೆ. ಸುದ್ದಿಯ ತಲೆಬರಹದಲ್ಲಿ ‘ಕಡಬ:’ ಎಂದು ಊರು ನಮೂದಿಸಿದ ವರದಿ ಸಿಗುವುದಿಲ್ಲ. ಮಂಗಳೂರಿನ ವರದಿಯ ನಡುವೆ ಎಲ್ಲೋ ‘ಕಡಬದಲ್ಲಿ’ ಎಂದು ಬಂದದ್ದು ಸಿಗುತ್ತದೆ.

ಮಿತಿಯ ಮೂಲ ಉದ್ದೇಶ ಕನ್ನಡದಲ್ಲಿ ಈಡೇರುವುದೂ ಇಲ್ಲ. ಹೊರಹೋಗಬೇಕಾದ ಮತ್ತು (5), ಎಂದು (4), ಹಾಗೂ (4), ಅಥವಾ (4) ಮುಂತಾದವು ಸೂಚಿಯಲ್ಲಿ ಭದ್ರವಾಗಿ ಕೂರುತ್ತವೆ. ಮರ, ಜನ, ಮಗ, ಊರು, ಮನೆ, ರೋಗ ಹೊರಹೋಗುತ್ತವೆ. ಮೈಎಸ್‌ಕ್ಯುಎಲ್‌ನ ಮೂಲ ವರ್ಜ್ಯಪದ ಪಟ್ಟಿಗಳು, ಮೈಐಸ್ಯಾಮ್‌ನ 543 ಪದಗಳದ್ದೂ ಇನ್ನೊಡಿಬಿಯ 36 ಪದಗಳದ್ದೂ, ಇಂಗ್ಲಿಷನ್ನೇ ಗುರಿಯಾಗಿಟ್ಟುಕೊಂಡವು. ಕನ್ನಡ ಬರಹಕ್ಕೆ ಅವು ತಟ್ಟುವುದಿಲ್ಲ.

ಉಪಯೋಗ

ಸೂಚಿಯ ಗಾತ್ರ ಕಡಿಮೆಯಾಗುವುದು, ಉತ್ತರ ಬೇಗ ಬರುವುದು, ಒಂದೆರಡು ಅಕ್ಷರದ ಪ್ರಶ್ನೆಗೆ ಸಂಗ್ರಹದ ಅರ್ಧಭಾಗವೇ ಉತ್ತರವಾಗಿ ಬರುವುದನ್ನು ತಡೆಯುವುದು ಈ ಮಿತಿಯ ಪ್ರಯೋಜನಗಳು. ಸಲಹೆ ಪೆಟ್ಟಿಗೆಗಳಲ್ಲಿ ಇದರ ಉಪಯೋಗ ಇಂದಿಗೂ ನಿಜವಾದದ್ದು. ಪ್ರತಿ ಕೀಲಿಗೂ ಪ್ರಶ್ನೆ ಕಳಿಸುತ್ತಿದ್ದರೆ ನೆಟ್‌ವರ್ಕ್ ದುರ್ಬಲವಾಗಿರುವ ಕಡೆ ಪುಟ ತಡವರಿಸುತ್ತದೆ.

ಪರಿಹಾರಗಳು

ನೇರ ಪರಿಹಾರ ಮಿತಿಯನ್ನು ಇಳಿಸುವುದು. ಎರಡಕ್ಕೆ ಇಳಿಸಿದರೆ ಮೇಲೆ ಹೆಸರಿಸಿದ ಊರು, ದೈವ, ಬೆಳೆಗಳ ಪದಗಳೆಲ್ಲ ಸಿಗುತ್ತವೆ. ಒಂದಕ್ಕೆ ಇಳಿಸಿದರೆ ಆ, ಈ ಎಂಬ ನಿರ್ದೇಶಕ ಪದಗಳೂ ಸೇರಿಕೊಳ್ಳುತ್ತವೆ; ಅವಕ್ಕೆ ಕನ್ನಡದ್ದೇ ವರ್ಜ್ಯಪದ ಪಟ್ಟಿ ಬೇಕು. ಸ್ಫಿಂಕ್ಸ್ ಶೋಧಯಂತ್ರದಲ್ಲಿ ಈ ಮಿತಿಯ ಮೂಲಮೌಲ್ಯವೇ 1. ಅದರ ಹಳೆಯ ಆವೃತ್ತಿಗಳ ಅಕ್ಷರಪಟ್ಟಿಯಲ್ಲಿ ಇಂಗ್ಲಿಷ್ ಮತ್ತು ರಷ್ಯನ್ ಮಾತ್ರ ಇದ್ದುದರಿಂದ, ಕನ್ನಡವನ್ನು ಕೈಯಾರೆ ಸೇರಿಸುವ ತನಕ ಆ ಉದಾರತೆಯಿಂದ ಲಾಭವಿರಲಿಲ್ಲ.

ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ‘ಕಡಬ’ದಿಂದ ಆರಂಭವಾಗುವ ಪದಗಳನ್ನು ಕೇಳುವುದು ಬಳಕೆದಾರರ ಕೈಯಲ್ಲಿರುವ ಉಪಾಯ. ಮೈಎಸ್‌ಕ್ಯುಎಲ್‌ನ ತಾರ್ಕಿಕ ಶೋಧದಲ್ಲಿ ಹೀಗೆ ಕೇಳಿದ ಪದವನ್ನು ಚಿಕ್ಕದೆಂದು ತಳ್ಳಿಹಾಕುವುದಿಲ್ಲ. ಕಡಬದ, ಕಡಬಕ್ಕೆ ಎಲ್ಲ ಸಿಗುತ್ತವೆ, ಸೂಚಿಯಲ್ಲೇ ಇಲ್ಲದ ಬರಿಯ ಕಡಬ ಆಗಲೂ ಸಿಗುವುದಿಲ್ಲ. ಬೆಂಗಳೂರಿನ ಅಂಚಿನ ಕಡಬಗೆರೆ, ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿರುವ ಇನ್ನೊಂದು ಕಡಬದ ಸುದ್ದಿಗಳು ಜೊತೆಗೆ ಬರುತ್ತವೆ.

ಮೂರನೆಯ ದಾರಿ, ಪದಗಳ ಬದಲು ಸಂಕೇತಗಳ ಕೊಂಡಿಗಳನ್ನು ಸೂಚಿಗೆ ಹಾಕುವುದು. ಚೀನೀ, ಜಪಾನೀ, ಕೊರಿಯನ್ ಬರಹಗಳಿಗಾಗಿ ಮೈಎಸ್‌ಕ್ಯುಎಲ್ 5.7ರಲ್ಲಿ ಸೇರಿಸಿದ ಎನ್‌ಗ್ರಾಮ್ ವಿಧಾನದಲ್ಲಿ ಕೊಂಡಿಯ ಮೂಲ ಉದ್ದ 2. ಪದದ ಕನಿಷ್ಠ ಮಿತಿ ಅಲ್ಲಿ ಲೆಕ್ಕಕ್ಕಿಲ್ಲ. ಕಡಬ ‘ಕಡ’, ‘ಡಬ’ ಎಂದು ಎರಡು ಕೊಂಡಿಯಾಗುತ್ತದೆ. ಸುಳ್ಯದಲ್ಲಿ ಮಾತ್ರ ಎರಡನೆಯ ಕೊಂಡಿ ಉಕಾರದ ಚಿಹ್ನೆಯಿಂದ, ನಾಲ್ಕನೆಯದು ಹಲಂತದಿಂದ ಆರಂಭವಾಗುತ್ತವೆ. ಯಾವ ಕನ್ನಡಿಗರೂ ಹಾಗೆ ಪದ ಒಡೆಯುವುದಿಲ್ಲ. ಹುಡುಕಾಟಕ್ಕೆ ಅದರಿಂದ ತೊಡಕಿಲ್ಲ, ಸೂಚಿ ಊದಿಕೊಳ್ಳುತ್ತದೆ ಅಷ್ಟೆ.

ಮೀಡಿಯಾವಿಕಿ ತಂತ್ರಾಂಶ ಬೇರೊಂದು ಉಪಾಯ ಹೂಡಿತು. ಮೈಎಸ್‌ಕ್ಯುಎಲ್ ಆಧಾರಿತ ಅದರ ಶೋಧಘಟಕ ಚಿಕ್ಕ ಪದಗಳ ಬಾಲಕ್ಕೆ ಅರ್ಥವಿಲ್ಲದ ಒಂದು ಸಂಕೇತಸರಣಿಯನ್ನು ಅಂಟಿಸಿ ಉದ್ದ ಮಾಡುತ್ತದೆ. ಇಂಗ್ಲಿಷೇತರ ಲಿಪಿಗಳ ಪ್ರತಿ ಸಂಕೇತವನ್ನೂ ರೋಮನ್ ಅಕ್ಷರ ಮತ್ತು ಅಂಕಿಗಳ ಸರಣಿಯಾಗಿ ಮಾರ್ಪಡಿಸಿ ಇಡುತ್ತದೆ. ಹಾಗೆ ಮಾರ್ಪಟ್ಟ ಮೇಲೆ ಕನ್ನಡದ ಒಂಟಿ ಅಕ್ಷರವೂ ಮಿತಿಯನ್ನು ದಾಟುತ್ತದೆ. ಜರಡಿಯನ್ನು ಬದಲಿಸಲಾಗದಿದ್ದಾಗ ಕಾಳನ್ನೇ ದಪ್ಪ ಮಾಡಿದ ಈ ಕ್ರಮ ಅಂದವಾದದ್ದಲ್ಲ, ಕೆಲಸ ಮಾಡುತ್ತದೆ.

ಇಂದಿನ ಸ್ಥಿತಿ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2016ರಲ್ಲಿ ಸ್ವತಂತ್ರ ತಾಣವಾದ ತುಳು ವಿಕಿಪೀಡಿಯ ಎರಡೂ ಈಗ ದತ್ತಸಂಚಯದ ಶೋಧವನ್ನು ಬಿಟ್ಟು ಪ್ರತ್ಯೇಕ ಶೋಧಯಂತ್ರವನ್ನು ಬಳಸುತ್ತವೆ. ಅಲ್ಲಿ ಪದದ ಉದ್ದದ ಅಡ್ಡಿ ಇಲ್ಲ. ದೊಡ್ಡ ಶೋಧಸೇವೆಗಳೂ ಇದನ್ನು ಕೈಬಿಟ್ಟು ಬಹಳ ಕಾಲವಾಯಿತು. ಹಳೆಯ ದತ್ತಸಂಚಯದ ಮೇಲೆ ಕಟ್ಟಿ, ಮತ್ತೆ ಮುಟ್ಟದೆ ಬಿಟ್ಟ ಸಣ್ಣ ತಾಣಗಳು, ಸಂಸ್ಥೆಗಳ ಕಡತಸಂಗ್ರಹಗಳು, ಮೊಬೈಲ್ ಆ್ಯಪ್‌ಗಳ ಒಳಗಿನ ಹುಡುಕಾಟದಲ್ಲಿ ಮಿತಿ ಉಳಿದುಕೊಂಡಿದೆ. ಆ್ಯಪ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಎಸ್‌ಕ್ಯುಲೈಟ್‌ನ ಐದನೆಯ ಪೂರ್ಣಪಠ್ಯ ಘಟಕದಲ್ಲಿ ಪದದ ಭಾಗವೆಂದು ಒಪ್ಪುವ ವರ್ಗಗಳ ಮೂಲಪಟ್ಟಿಯಲ್ಲಿ ಸಂಯೋಜಕ ಚಿಹ್ನೆಗಳ ವರ್ಗ ಇಲ್ಲ. ಕನ್ನಡಕ್ಕೆ ಅದನ್ನು ಸೇರಿಸಿಕೊಳ್ಳಬೇಕು.

ಯುನಿಕೋಡಿಗೆ ಮುಂಚಿನ ಬರಹದ ಸಮಸ್ಯೆ ಬೇರೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಚ್ಚುಗೊಂಡ ಕರಾವಳಿಯ ಪುಸ್ತಕ, ಸ್ಮರಣಸಂಚಿಕೆ, ಪತ್ರಿಕೆಗಳ ಕಡತಗಳಲ್ಲಿ ಅಕ್ಷರದ ಆಕಾರದ ತುಂಡುಗಳಿಗೆ ಸಂಕೇತ ಕೊಟ್ಟಿದೆ. ಆ ಸಂಕೇತಗಳಲ್ಲಿ ಕೆಲವು ಯಂತ್ರದ ಕಣ್ಣಿಗೆ ವಿರಾಮ ಚಿಹ್ನೆಗಳು. ಯುನಿಕೋಡಿಗೆ ಪರಿವರ್ತಿಸದ ಹೊರತು ಮಿತಿ ಎಷ್ಟಿದ್ದರೂ ಅಲ್ಲಿ ಹುಡುಕಾಟ ಸಾಗದು.

ಸಂಕೇತದ ಬದಲು ಓದುಗರ ಅಕ್ಷರವನ್ನೇ ಎಣಿಸುವ ಪ್ರಯತ್ನವೂ ನಡೆದಿದೆ. ಅದಕ್ಕಾಗಿ ಯುನಿಕೋಡ್ ಒಂದು ವಿಭಜನಾ ನಿಯಮಾವಳಿಯನ್ನು ಕೊಡುತ್ತದೆ. ಹಳೆಯ ನಿಯಮದಲ್ಲಿ ಗುಣಿತ ಮಾತ್ರ ವ್ಯಂಜನದ ಜೊತೆ ಸೇರುತ್ತಿತ್ತು, ಒತ್ತು ಸೇರುತ್ತಿರಲಿಲ್ಲ. ಸುಳ್ಯ ‘ಸು’, ‘ಳ್’, ‘ಯ’ ಎಂದು ಮೂರಾಗುತ್ತಿತ್ತು. 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರವನ್ನು ಇಡಿಯಾಗಿ ಉಳಿಸುವ ನಿಯಮ ಬಂದಾಗ ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿತು. ಅದರ ಸಂಕೇತಗಳು 70528ರಿಂದ ಆರಂಭವಾಗುತ್ತವೆ. 65535ನ್ನು ಮೀರಿದ ಕಾರಣ ಹದಿನಾರು ಬಿಟ್ಟಿನ ಲೆಕ್ಕ ಇಡುವ ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳಲ್ಲಿ ಪ್ರತಿ ಸಂಕೇತವೂ ಎರಡೆಂದು ಎಣಿಕೆಯಾಗುತ್ತದೆ. ಕನ್ನಡ ಲಿಪಿಯ ‘ಮರ’ಕ್ಕೆ ಉದ್ದ 2, ಬೈಟ್ 6. ಅದೇ ಪದಕ್ಕೆ ತುಳು ಲಿಪಿಯಲ್ಲಿ ಉದ್ದ 4, ಬೈಟ್ 8. ಮೈಎಸ್‌ಕ್ಯುಎಲ್‌ನ ಹಳೆಯ ಮೂರು ಬೈಟಿನ ಯುಟಿಎಫ್-8 ಕೋಷ್ಟಕಗಳಲ್ಲಿ ಈ ಲಿಪಿಯನ್ನು ಉಳಿಸಿಡಲು ಆಗುವುದಿಲ್ಲ, 2010ರಲ್ಲಿ 5.5 ಸರಣಿಯೊಡನೆ ಬಂದ ನಾಲ್ಕು ಬೈಟಿನ ಕ್ರಮಕ್ಕೆ ಕೋಷ್ಟಕವನ್ನು ಬದಲಿಸಿಕೊಂಡಿರಬೇಕು.